ಹೊಸ್ತಿಲು ದಾಟಿದ ಕಾಲುಕೌದಿ

ಬೆಳಗಿನ ಐದು ಗಂಟೆ. ತಂಬ್ರಹಳ್ಳಿಯ ಕೊನೆಯ ಓಣಿಯಲ್ಲಿ ಗಾಳೆಮ್ಮ ಅಂಗಳದ ದೀಪ ಹಾಕಿಕೊಂಡು ಮರಳು ಜರಡಿ ಹಿಡಿಯುತ್ತಿದ್ದಾರೆ. ಹಳ್ಳದ ಮರಳು, ಹಿಂದಿನ ದಿನ ತೊಳೆದು ಒಣಗಿಸಿದ್ದು. ಒಂದು ಸಲ ದೊಡ್ಡ ಕಣ್ಣಿನ ಜರಡಿ, ಇನ್ನೊಂದು ಸಲ ಹಿಟ್ಟಿನ ಜರಡಿ. ಕೆಳಗೆ ಬಿದ್ದಿದ್ದನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ, ಸಮಾಧಾನವಾಗದಿದ್ದರೆ ಮತ್ತೆ ಜರಡಿಗೆ ಸುರಿಯುತ್ತಾರೆ. ಇಷ್ಟೊಂದು ಶ್ರದ್ಧೆ ಕಂಡು, ಇವರಿಗೆ ಶೇಂಗಾ ಹುರಿದು ಮಾರುವ ಉಪಕಸುಬೂ ಇರಬೇಕು ಎಂದುಕೊಂಡೆ. ಕೇಳಿಯೂಬಿಟ್ಟೆ. ಅವರು ಕೈ ನಿಲ್ಲಿಸದೆಯೇ ಉತ್ತರ ಕೊಡುತ್ತಾರೆ: 'ಶೇಂಗಾ ಹುರಿಯಾಕಲ್ರಿ, ಕಾಲು ಓದಾಕ.'

ಆರೂಕಾಲಿನ ಬಸ್ಸಿಗೆ ಹೊರಡಬೇಕು. ಚೀಲಕ್ಕೆ ಏನೇನು ಹೋಗುತ್ತದೆ ಎಂದು ನೋಡುತ್ತ ನಿಲ್ಲುತ್ತೇನೆ. ಡಬ್ಬಿ ತುಂಬಾ ಮರಳು, ಅಗಲವಾದ ಅಲ್ಯುಮಿನಿಯಂ ತಟ್ಟೆ, ಉಳಿ, ಕತ್ತರಿ, ದಬ್ಬಳ, ಮೇಣ ಹಚ್ಚಿದ ದಾರದ ಉಂಡೆ, ಎಂಸಿಆರ್ ಎಂದು ಕರೆಯುವ ಮೆತ್ತನೆಯ ರಬ್ಬರಿನ ಹಾಳೆಗಳು, ಕೊನೆಗೆ ಬುತ್ತಿ. ಎಲ್ಲ ಸೇರಿ ಒಂಬತ್ತು ಕೆ.ಜಿ. ತೂಗುತ್ತದಂತೆ. ಎತ್ತಿಕೊಡೋಣ ಎಂದು ನಾನು ಮುಂದೆ ಹೋಗುವಷ್ಟರಲ್ಲಿ ನಲವತ್ತೆಂಟರ ಗಾಳೆಮ್ಮ ಅದನ್ನು ಹೆಗಲಿಗೇರಿಸಿಕೊಂಡು ಬಾಗಿಲು ದಾಟಿರುತ್ತಾರೆ. ವಿದ್ಯಾರ್ಥಿನಿಲಯದಲ್ಲಿ ಅಡುಗೆಯವರಾಗಿರುವ ಗಂಡ ಹುಲುಗೇಶ್ ಒಳಗಿನಿಂದಲೇ ನಗುತ್ತಾರೆ. ಇಪ್ಪತ್ತೈದು ವರ್ಷದಿಂದ ತಾವೂ ಹೀಗೇ ಬರಿಗೈಯಲ್ಲಿ ನಿಂತಿದ್ದಾಗಿ ಹೇಳುತ್ತಾರೆ.

ಗಾಳೆಮ್ಮನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಪಾದ ಮತ್ತು ಹರಡಿನ ಸಂಧಿವಾತದಿಂದ ನರಳುವವರಿಗೆ ಚಪ್ಪಲಿ ಹೊಲಿಯುವುದು. ಹರಡು ಎಂದರೆ ಪಾದ ಕಾಲಿಗೆ ಕೂಡುವ ಕೀಲು. ಹಗರಿಬೊಮ್ಮನಹಳ್ಳಿಯಲ್ಲಿ ಸಣ್ಣದೊಂದು ಸೇವಾ ಸಂಸ್ಥೆ ಕೀಲುನೋವಿನ ಕೇಂದ್ರ ನಡೆಸುತ್ತಿದೆ. ಸುತ್ತಲಿನ ನಾಲ್ಕು ಊರುಗಳಲ್ಲಿ ಅದರದೊಂದೊಂದು ಬಾಡಿಗೆ ಕೋಣೆ ಇದೆ. ಸೋಮವಾರ ಕೂಡ್ಲಿಗಿ, ಮಂಗಳವಾರ ಕೊಟ್ಟೂರು, ಬುಧವಾರ ಹಗರಿಬೊಮ್ಮನಹಳ್ಳಿ, ಗುರುವಾರ ಹಡಗಲಿ, ಶುಕ್ರವಾರ ಹರಪನಹಳ್ಳಿ. ಹನ್ನೊಂದು ವರ್ಷದಲ್ಲಿ ಗಾಳೆಮ್ಮ ಹೊಲಿದ ಜೋಡುಗಳು ಎರಡು ಸಾವಿರದ ನಾನೂರು ದಾಟಿವೆ. ಒಂದರಂತೆ ಇನ್ನೊಂದಿಲ್ಲ, ಎಷ್ಟೋ ಸಲ ಒಂದೇ ಜೋಡಿನ ಎಡಬಲಗಳೂ ಒಂದೇ ಥರ ಇರುವುದಿಲ್ಲ. ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಸಹಾಯಕಿ' ಎಂದಿದೆ.

ಇವತ್ತು ಮಂಗಳವಾರ, ಕೊಟ್ಟೂರು. ಎಂಟೂವರೆಗೆಲ್ಲ ಕೋಣೆಯ ಮುಂದೆ ಹದಿನೆಂಟು ಜನ ಸೇರಿದ್ದಾರೆ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ 'ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ' ಎಂದು ಬರೆದಿದೆ. ಸರಿಯಾಗಿ ಆ ಬರಹದ ಕೆಳಗೆ ಹದಿನೆಂಟು ಜೊತೆ ಚಪ್ಪಲಿಗಳು ಬಿದ್ದಿವೆ. ನಾನು ಬೂಟು ಹಾಕಿಕೊಂಡೇ ಒಳಗೆ ಹೋಗಬೇಕು ಎಂದು ನಿರ್ಧರಿಸಿದ್ದೆ. ಹೊಸ್ತಿಲ ಹತ್ತಿರ ಬಂದಾಗ ಕಾಲು ತಾನಾಗಿಯೇ ನಿಂತಿತು, ಕೈ ಲೇಸು ಬಿಚ್ಚಿತು. ಗಾಳೆಮ್ಮನಿಗೆ ಇದು ಹೊಸದಲ್ಲ. ಹನ್ನೊಂದು ವರ್ಷದಲ್ಲಿ ಆ ಬೋರ್ಡಿನ ಮಾತು ಕೇಳಿದವರು ಯಾರೂ ಇಲ್ಲವಂತೆ.

ಅವರು ಬಂದವರ ಮುಖ ನೋಡುವುದಕ್ಕೆ ಮೊದಲು ಹೊರಗೆ ಬಿದ್ದ ಚಪ್ಪಲಿ ನೋಡುತ್ತಾರೆ. ಒಂದೊಂದನ್ನೇ ತಿರುವಿ, ಅಟ್ಟೆಯ ಸವೆತದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಹೊರಅಂಚು ಸವೆದಿದ್ದರೆ ಒಂದು ಅರ್ಥ, ಒಳಅಂಚು ಸವೆದಿದ್ದರೆ ಇನ್ನೊಂದು. ಹಿಮ್ಮಡಿಯ ಭಾಗ ಹೊಸದಾಗಿಯೇ ಉಳಿದಿದ್ದರೆ ಆ ಮನುಷ್ಯ ಹಿಮ್ಮಡಿ ಊರಲು ಹೆದರುತ್ತಿದ್ದಾನೆ ಎಂದರ್ಥ. ನನ್ನ ಬೂಟೂ ಆ ಸಾಲಿನಲ್ಲಿ ಸಿಕ್ಕಿಬಿತ್ತು. ಅದನ್ನು ಎತ್ತಿ ಅತ್ತಿತ್ತ ತಿರುಗಿಸಿ, ಫೋಟೋಕ್ಕೆ ಚೆನ್ನಾಗಿದೆ, ಬೆರಳುಗಳಿಗೆ ಜಾಗ ಎಲ್ಲಿದೆ ಎಂದು ಕೇಳಿದರು. ಹದಿನೆಂಟು ಜನರೂ ನನ್ನ ಕಾಲಿನ ಕಡೆ ತಿರುಗಿದರು.

ಆಮೇಲೆ ಮರಳಿನ ಸರದಿ. ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮರಳು ಹರಡಿ, ಹಲಗೆಯಿಂದ ಸಮ ಮಾಡಿ, ಬಂದವರನ್ನು ಅದರ ಮೇಲೆ ನಿಲ್ಲಿಸುತ್ತಾರೆ. ಇಳಿದ ಮೇಲೆ ಉಳಿದ ಹೆಜ್ಜೆಯಲ್ಲಿ ಎಲ್ಲಿ ಆಳ, ಎಲ್ಲಿ ತೇಲಿದೆ ಎಂದು ಕಡ್ಡಿಯಿಂದ ಅಳೆಯುತ್ತಾರೆ. ಕೂಡ್ಲಿಗಿಯ ಗುಡೇಕೋಟೆ ಕಡೆಯಿಂದ ಬಂದ, ಕುರಿ ಕಾಯುವ ಗಂಗಪ್ಪನ ಹೆಜ್ಜೆಯಲ್ಲಿ ಬೆರಳುಗಳ ಬುಡದ ಎಲುಬುಗಳು ಐದು ಗುಳಿ ತೋಡಿವೆ. ನಡೆಯುವಾಗ ಕಲ್ಲು ತುಳಿದಂತಾಗುತ್ತದಾ ಎಂದು ಗಾಳೆಮ್ಮ ಕೇಳಿದರೆ ಗಂಗಪ್ಪ ಬೆರಗಾಗಿ ತಲೆಯಾಡಿಸುತ್ತಾರೆ. ಅವರಿಗೆ ಆ ಗುಳಿಗಳ ಹಿಂದೆ ಸಣ್ಣ ದಿಂಬಿನಂಥ ಉಬ್ಬು ಕೊಟ್ಟರೆ ಭಾರ ಹಿಂದಕ್ಕೆ ಸರಿಯುತ್ತದೆ.

'ಒಂದು ಪಾದದಾಗ ಇಪ್ಪತ್ತಾರು ಎಲುಬು, ಮೂವತ್ಮೂರು ಕೀಲು ಅದಾವ್ರಿ. ಮನಿಮಂದಿ ಇದ್ದಂಗ. ಒಂದು ಮುನಿಸಿಕೊಂಡ್ರ ಉಳಿದವೆಲ್ಲ ಅದರ ಕೆಲಸ ಮಾಡಿ ಸಾಯ್ತಾವು' ಎನ್ನುತ್ತಾರೆ ಗಾಳೆಮ್ಮ.

ನಮ್ಮ ಕಡೆ ಕೀಲುನೋವಿಗೆಲ್ಲ ಒಂದೇ ಹೆಸರು, ವಾಯು. ಬದನೆಕಾಯಿ, ಆಲೂಗಡ್ಡೆ ಬಿಡಿಸಿಬಿಟ್ಟರೆ ಚಿಕಿತ್ಸೆ ಮುಗಿದಂತೆ. ಕೇಂದ್ರದ ಫಿಸಿಯೋಥೆರಪಿಸ್ಟ್ ಪ್ರಿಯಾ ದಿನವೂ ಹೋರಾಡುವುದು ಈ ಒಂದು ಪದದ ಜೊತೆಗೆ. ವಯಸ್ಸಿನ ಸವೆತ ಬೇರೆ, ಎಂದೋ ಉಳುಕಿ ಸರಿಯಾಗಿ ವಾಸಿಯಾಗದ ಹರಡಿನ ಸವೆತ ಬೇರೆ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಹೆಬ್ಬೆರಳು ಇದ್ದಕ್ಕಿದ್ದಂತೆ ಕೆಂಡವಾಗುವುದು ಬೇರೆ. ದೇಹದ ಕಾವಲು ಶಕ್ತಿಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ರುಮಟಾಯ್ಡ್ ಸಂಧಿವಾತ ಇನ್ನೂ ಬೇರೆ. ಬೆಳಿಗ್ಗೆ ಎದ್ದಾಗ ಎರಡೂ ಪಾದ ಗಂಟೆಗಟ್ಟಲೆ ಮರಗಟ್ಟಿದಂತಿದ್ದರೆ ಉಜ್ಜಿಸಿಕೊಳ್ಳುತ್ತ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಪ್ರಿಯಾ ಎಲ್ಲರಿಗೂ ಹೇಳುತ್ತಾರೆ. ಅದಕ್ಕೆ ಕೊಡುವ ಔಷಧಿಗಳಲ್ಲಿ ವಾರಕ್ಕೆ ಒಂದೇ ದಿನ ನುಂಗುವ ಗುಳಿಗೆ ಒಂದಿದೆ. ಅದನ್ನು ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಇಲ್ಲಿ ಕೆಲವರು ಬೇರೆಯದೇ ತಪ್ಪು ಮಾಡಿದ್ದರು. 'ವಾರದ ಗುಳಿಗೆ' ಎಂದರೆ ತಾವು ಉಪವಾಸ ಹಿಡಿಯುವ ವಾರದ ದಿನ ತಿನ್ನುವುದೆಂದು ತಿಳಿದರು, ಉಪವಾಸದ ದಿನ ಏನನ್ನೂ ತಿನ್ನಬಾರದೆಂದು ಅದನ್ನೂ ಬಿಟ್ಟರು. ಈಗ ಪ್ರಿಯಾ ಚೀಟಿಯ ಮೇಲೆ 'ಬುಧವಾರ, ಊಟದ ಮೇಲೆ' ಎಂದು ಕೆಂಪಕ್ಷರದಲ್ಲಿ ಬರೆಯುತ್ತಾರೆ.

ಗಾಳೆಮ್ಮ ಈ ಕೆಲಸ ಕಲಿತದ್ದು ತಂದೆ ಜೋಗಪ್ಪನವರಿಂದ. ಕಾಲಿಗೆ ಹೊಲಿಯುವುದು ಮನೆತನದ ಕಸುಬು. ಜೋಗಪ್ಪ ಊರಿಗೆಲ್ಲ ಚಪ್ಪಲಿ ಹೊಲಿದವರು, ಆದರೆ ಊರಿನ ಕಾಲನ್ನು ಮುಟ್ಟಿದವರಲ್ಲ. ಬೇಕಾದವರು ತಮ್ಮ ಪಾದದ ಉದ್ದಕ್ಕೆ ಜೋಳದ ದಂಟಿನ ಒಂದು ತುಂಡು ಮುರಿದು ಕಳಿಸುತ್ತಿದ್ದರು. ಅದೇ ಅಳತೆಕಡ್ಡಿ. ಜೋಗಪ್ಪನವರ ಗೂಡಿನಲ್ಲಿ ಅರ್ಧ ಊರಿನ ಕಾಲುಗಳು ಕಡ್ಡಿಗಳಾಗಿ ನಿಂತಿರುತ್ತಿದ್ದವಂತೆ. ಮುಂದೆ ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗೆ ಮೆತ್ತನೆಯ ಚಪ್ಪಲಿ ಮಾಡುವ ತರಬೇತಿಗೆ ಅವರನ್ನು ಯಾರೋ ಕರೆದೊಯ್ದರು. ಎಂಸಿಆರ್ ರಬ್ಬರು ಮನೆಗೆ ಬಂದದ್ದು ಆಗ. ಗಂಡು ಮಕ್ಕಳಿಬ್ಬರೂ ಓದಿ ನೌಕರಿ ಹಿಡಿದರು. ಉಳಿ ಹಿಡಿದವಳು ಮಗಳು.

'ಹೆಣ್ಣುಮಗಳು ಉಳಿ ಹಿಡದ್ರ ಜನ ನಗ್ತಾರ ಅಂದ್ರು. ನಗಲಿ ಅಂದ ನಮ್ಮಪ್ಪ. ಕಾಲು ನೋಯೋ ಮಂದಿ ನಗಂಗಿಲ್ಲ ಅಂದ.'

ಈಗ ಮರುಳಸಿದ್ದಮ್ಮನವರ ವಿಷಯ ಹೇಳಬೇಕು. ಗಾಳೆಮ್ಮನ ಕೆಲಸ ಇವತ್ತು ಇರುವ ರೀತಿ ಇರುವುದಕ್ಕೆ ಈ ಅರವತ್ತೊಂದರ ಹೆಂಗಸಿನ ಬಲಗಾಲಿನ ಹರಡು ಕಾರಣ.

ಮರುಳಸಿದ್ದಮ್ಮ ಕೊಟ್ಟೂರಿನಲ್ಲಿ ಖಾನಾವಳಿ ನಡೆಸುತ್ತಾರೆ. ಎದುರಿನ ಊಟದ ಕೋಣೆ ಮಗ ಗವಿಸಿದ್ದೇಶನದು, ಹಿಂದಿನ ಅಡುಗೆಮನೆ ತಾಯಿಯದು. ಗಂಡ ತೀರಿಹೋದ ವರ್ಷ ಒಲೆ ಹಚ್ಚಿದವರು ಇಪ್ಪತ್ತೆರಡು ವರ್ಷ ಒಂದು ದಿನವೂ ಆರಿಸಿರಲಿಲ್ಲ. ಬೆಳಗಿನ ನಾಲ್ಕೂವರೆಯಿಂದ ದಿನಕ್ಕೆ ನೂರರವತ್ತು ಜೋಳದ ರೊಟ್ಟಿ, ಎಲ್ಲ ನಿಂತುಕೊಂಡೇ. ಮೂರು ವರ್ಷದ ಹಿಂದೆ ಎರಡೂ ಪಾದ ಊದತೊಡಗಿದವು. ಉಳುಕೆಂದು ತಿಳಿದು ಎರಡು ಕಡೆ ಎಣ್ಣೆ ಹಚ್ಚಿ ಎಳೆಸಿಕೊಂಡು ಬಂದರು. ಕೊನೆಗೆ ಕೇಂದ್ರಕ್ಕೆ ಬಂದಾಗ ರಕ್ತ ಪರೀಕ್ಷೆಯಲ್ಲಿ ರುಮಟಾಯ್ಡ್ ಎಂದು ತಿಳಿಯಿತು. ಔಷಧಿ ಶುರುವಾಯಿತು. ಬಲಗಾಲಿನ ಹರಡು ಒಳಗೆ ವಾಲುತ್ತಿದ್ದರಿಂದ ಗಾಳೆಮ್ಮ ಹಿಮ್ಮಡಿಗೆ ಬಟ್ಟಲು, ಒಳಬದಿಗೆ ಎತ್ತರ, ಹಿಂದೆ ಪಟ್ಟಿ ಇರುವ ಜೋಡು ಹೊಲಿದುಕೊಟ್ಟರು. ಅದನ್ನು ಹಾಕಿಕೊಂಡು ಹತ್ತು ಹೆಜ್ಜೆ ನಡೆದು ಮರುಳಸಿದ್ದಮ್ಮ ಅತ್ತೇಬಿಟ್ಟಿದ್ದರಂತೆ, ಅಷ್ಟು ಹಗುರವಾಗಿತ್ತು.

ಆರು ತಿಂಗಳ ನಂತರ ಹರಡು ಇನ್ನಷ್ಟು ವಾಲಿತ್ತು. ಬೆರಳು, ಮೊಣಕಾಲುಗಳ ಊತ ಔಷಧಿಗೆ ಇಳಿದಿತ್ತು, ಇದೊಂದು ಮಾತ್ರ ಕೇಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಬರುವ ಕೀಲುರೋಗ ತಜ್ಞರು ಎಕ್ಸ್-ರೇ ನೋಡಿ, ಹೀಗೇ ಹೋದರೆ ಶಸ್ತ್ರಚಿಕಿತ್ಸೆ ಮಾಡಿ ಕೀಲನ್ನೇ ಬೆಸೆಯಬೇಕಾಗುತ್ತದೆ, ಅಲ್ಲಿಯವರೆಗೂ ನಿಲ್ಲುವ ಕೆಲಸ ಬಿಡಬೇಕು ಎಂದರು. ಮರುಳಸಿದ್ದಮ್ಮನವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಅಪರೇಷನ್ನಿಗೆ ಅವರು ಹೆದರಲಿಲ್ಲ. ಒಲೆ ಬಿಟ್ಟರೆ ತಾನು ಆ ಮನೆಯಲ್ಲಿ ಎಲ್ಲಿ ಕೂರಬೇಕು ಎಂದು ಪ್ರಿಯಾರನ್ನು ಕೇಳಿದರು.

ಗಾಳೆಮ್ಮ ಅಷ್ಟರಲ್ಲಿ ಹೊರಗೆ ಹೋಗಿ ತಾವು ಹೊಲಿದುಕೊಟ್ಟಿದ್ದ ಜೋಡನ್ನು ತಿರುವಿ ನೋಡಿದರು. ಅಟ್ಟೆಯ ಗೆರೆಗಳು ಹೊಲಿದುಕೊಟ್ಟ ದಿನ ಇದ್ದಂತೆಯೇ ಇದ್ದವು. ಆರು ತಿಂಗಳಲ್ಲಿ ಅದು ಆರು ಮೈಲಿಯೂ ನಡೆದಿರಲಿಲ್ಲ. ಕೇಳಿದರೆ ಮರುಳಸಿದ್ದಮ್ಮ ಅಭಿಮಾನದಿಂದ ಉತ್ತರ ಕೊಟ್ಟರು: 'ಭಾಳ ಛಲೋ ಅದಾವಂತ ಜ್ವಾಕಿಲೆ ಇಟ್ಟೀನವ್ವ. ಆಸ್ಪತ್ರಿಗೆ ಬರಾಕ, ಮದಿವಿಗೆ ಹೋಗಾಕ ಅಷ್ಟ ಹಾಕ್ಕೊಳ್ಳದು.'

ಆ ಸಂಜೆ ಗಾಳೆಮ್ಮ ಖಾನಾವಳಿಯ ಹಿತ್ತಲ ಬಾಗಿಲಿಗೆ ಹೋದರು. ಒಳಗೆ ಕರೆಯಲಿಲ್ಲ, ಅವರು ಹೋಗಲೂ ಇಲ್ಲ. ಬಾಗಿಲಿನಿಂದಲೇ ನೋಡಿದರೆ ಸಾಕಾಗಿತ್ತು. ನೆಲಕ್ಕೆ ಕಡಪ ಕಲ್ಲು, ಚಳಿಗಾಲದ ಬೆಳಿಗ್ಗೆ ಕೊರೆಯುವಂಥದ್ದು. ಅದರ ಮೇಲೆ ದಿನಕ್ಕೆ ಹದಿಮೂರು ತಾಸು ಬರಿಗಾಲು. ನೋವು ಮನೆಯ ಒಳಗಿತ್ತು, ಮದ್ದು ಹೊಸ್ತಿಲ ಹೊರಗೆ ಜೋಪಾನವಾಗಿತ್ತು. ಅಡುಗೆ ಮಾಡುವಾಗಲೂ ಹಾಕಿಕೊಳ್ಳಬೇಕು ಎಂದು ಗಾಳೆಮ್ಮ ಹೇಳಿದಾಗ ಮರುಳಸಿದ್ದಮ್ಮ ಮೆಟ್ಟಿಬಿದ್ದರು.

'ಕೆರ ಮೆಟ್ಟಿಕೊಂಡು ಒಲಿ ಮುಂದ ನಿಂದರ್ಲೇನು? ಆ ರೊಟ್ಟಿ ಮಂದಿಗೆ ಹೆಂಗ ನೀಡ್ಲಿ?'

ಕೆರ ಎಂದರೆ ನಮ್ಮ ಭಾಗದಲ್ಲಿ ಚಪ್ಪಲಿ. ಬಿಸಿಲಲ್ಲಿ ಕಾಲನ್ನು ಕಾಯುವುದು ಅದೇ ಆದರೂ ಬೈಗುಳಕ್ಕೆ ಬಳಸುವುದೂ ಅದನ್ನೇ. ಮರುಳಸಿದ್ದಮ್ಮನವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ನನ್ನ ತಾಯಿ ಹಿಮ್ಮಡಿ ನೋವೆಂದು ವರ್ಷಗಟ್ಟಲೆ ಗೋಡೆ ಹಿಡಿದು ನಡೆದಳು, ಅಡುಗೆಮನೆಯಲ್ಲಿ ಚಪ್ಪಲಿ ಹಾಕಿಕೋ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಹೊಳೆಯಲೇ ಇಲ್ಲ.

ಗಾಳೆಮ್ಮ ಆ ಸಂಜೆ ಬಸ್ಸಿನಲ್ಲಿ ಮರುಳಸಿದ್ದಮ್ಮನವರ ಆ ಮಾತನ್ನೇ ಯೋಚಿಸುತ್ತ ಬಂದರು. ಮನೆಗೆ ಬಂದು ಕಾಲು ಚಾಚಿ ಕುಳಿತದ್ದು ಕೌದಿಯ ಮೇಲೆ, ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ತಾಯಿ ಹೊಲಿದಿದ್ದ ಕೌದಿಯ ಮೇಲೆ. ಕೌದಿಯನ್ನು ಯಾರೂ ಹೊರಗೆ ಬಿಟ್ಟು ಬಾ ಎನ್ನುವುದಿಲ್ಲ. ಕೂಸು ಮಲಗುವುದು ಅದರ ಮೇಲೆ, ಬೀಗರು ಕೂರುವುದೂ ಅದರ ಮೇಲೆ. ಕಾಲಿಗೂ ಒಂದು ಕೌದಿ ಯಾಕಿರಬಾರದು ಎಂದು ಅವರಿಗೆ ಹೊಳೆದದ್ದು ಆಗ. ಒಳಗೆ ಅದೇ ಎಂಸಿಆರ್ ರಬ್ಬರು, ಅದೇ ಎತ್ತರ, ಅದೇ ಬಟ್ಟಲು. ಸುತ್ತ ಏಳು ಪದರು ಹತ್ತಿ ಬಟ್ಟೆ, ಒತ್ತೊತ್ತಾಗಿ ಕೌದಿಯ ಹೊಲಿಗೆ. ಒದ್ದೆ ನೆಲಕ್ಕೆ ಜಾರದಿರಲೆಂದು ಅಡಿಗೆ ಸೈಕಲ್ ಟ್ಯೂಬಿನ ಪಟ್ಟಿಗಳು. ತೊಗಲು ಒಂದು ಚೂರೂ ಇಲ್ಲ. ಅವರು ಅದಕ್ಕೆ ಕಾಲುಕೌದಿ ಎಂದು ಹೆಸರಿಟ್ಟರು.

ಒಳಗೆ ರಬ್ಬರಿರುವುದನ್ನು ಮುಚ್ಚಿಡಲಿಲ್ಲ. ಮರುಳಸಿದ್ದಮ್ಮ ಎಲ್ಲವನ್ನೂ ಕೇಳಿ, ಒಳಗೆ ಹೋಗಿ ತಮ್ಮದೇ ಎರಡು ಹಳೆಯ ಸೀರೆ ತಂದುಕೊಟ್ಟು, ಇವುಗಳಿಂದ ಹೊಲಿ ಎಂದರು. ಕೌದಿ ಎಂಬ ಮಾತಿಗೆ ಅಷ್ಟು ಬಲವಿತ್ತು. ಮೊದಲ ಜೋಡು ಹತ್ತು ದಿನದಲ್ಲಿ ಸಿದ್ಧವಾಯಿತು, ಅಡುಗೆಮನೆಗೂ ಹೋಯಿತು. ನಾಲ್ಕೇ ದಿನಕ್ಕೆ ಗವಿಸಿದ್ದೇಶ ಅದನ್ನು ಚೀಲದಲ್ಲಿ ಹಾಕಿಕೊಂಡು ಕೇಂದ್ರಕ್ಕೆ ವಾಪಸ್ ತಂದ. ಹರಡಿನ ಜೊತೆ ಈಗ ಮೊಣಕಾಲೂ ನೋಯುತ್ತಿದೆಯಂತೆ.

ತಪ್ಪು ಎಲ್ಲಾಯಿತು ಎಂದು ಗಾಳೆಮ್ಮ ಎರಡು ದಿನ ಜೋಡನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದರು. ನಾಲ್ಕು ದಿನದ ಸವೆತ ಅಟ್ಟೆಯ ಮೇಲೆ ಸಣ್ಣದಾಗಿ ಕಾಣುತ್ತಿತ್ತು, ಕೇಂದ್ರದ ಮರಳಿನಲ್ಲಿ ಮೂಡಿದ್ದ ಹೆಜ್ಜೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕೇಂದ್ರದಲ್ಲಿ ಮರುಳಸಿದ್ದಮ್ಮ ಡಾಕ್ಟರ ಎದುರು ನಿಲ್ಲುವ ಹಾಗೆ ನೆಟ್ಟಗೆ ನಿಂತಿದ್ದರು. ಒಲೆಯ ಮುಂದೆ ಯಾರು ಹಾಗೆ ನಿಲ್ಲುತ್ತಾರೆ? ಬಡಿಯುವಾಗ ಭಾರವೆಲ್ಲ ಬಲಗಾಲಿಗೆ, ರೊಟ್ಟಿಯನ್ನು ಹಂಚಿಗೆ ಹಾಕುವಾಗ ಅದೇ ಕಾಲಿನ ಮೇಲೆ ಒಂದು ತಿರುಗು. ದಿನಕ್ಕೆ ನೂರರವತ್ತು ತಿರುಗು. ಅಳತೆಯನ್ನು ತೆಗೆದುಕೊಳ್ಳಬೇಕಾದದ್ದು ಅಲ್ಲಿ, ಅವರು ರೊಟ್ಟಿ ಬಡಿಯುತ್ತಿರುವಾಗ.

ಗಾಳೆಮ್ಮ ಹೇಳಿಕಳಿಸಿದರು: ಒಲೆಯ ಮುಂದೆ ಮರಳು ಹಾಕಿ ಅಳತೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಹೊಲಿಯುವುದಿಲ್ಲ. ಆ ಕಡೆಯಿಂದ ಉತ್ತರ ಬರಲಿಲ್ಲ. ಚಪ್ಪಲಿ ಬೇಡವೆನ್ನಲು ಹೇಳಿದ ಕಾರಣ ಎಲ್ಲರಿಗೂ ಗೊತ್ತಿತ್ತು. ಈಗಿನ ಮೌನದ ಕಾರಣವೂ ಎಲ್ಲರಿಗೂ ಗೊತ್ತಿತ್ತು, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೌದಿ ಒಳಗೆ ಬರಬಹುದಿತ್ತು, ಹೊಲಿದವಳು ಬರಬಹುದೇ ಎನ್ನುವುದು ಆ ಮನೆಯ ಅಡುಗೆಮನೆಯಲ್ಲಿ ಅಲ್ಲಿಯವರೆಗೆ ಎದ್ದ ಪ್ರಶ್ನೆಯೇ ಅಲ್ಲ. ಮಗನ ಮೊಬೈಲಿನಲ್ಲಿ ವಿಡಿಯೊ ತರಿಸೋಣವೇ ಎಂದು ಪ್ರಿಯಾ ಕೇಳಿದರು. ಮೊಬೈಲಿನಲ್ಲಿ ಕಾಲು ಕಾಣುತ್ತದೆ, ಭಾರ ಕಾಣುವುದಿಲ್ಲ ಎಂದು ಗಾಳೆಮ್ಮ ಒಪ್ಪಲಿಲ್ಲ.

ಆ ದಿನಗಳ ಬಗ್ಗೆ ಕೇಳಿದಾಗ ಅವರ ದನಿ ಸ್ವಲ್ಪ ಗಡುಸಾಗುತ್ತದೆ. 'ನನಗೇನು ಅವರ ಅಡಗಿಮನಿ ನೋಡೋ ಹಂಬಲ ಇರಲಿಲ್ರಿ. ಆಕಿ ಕಾಲು ನೋಡೋದಿತ್ತು.'

ಮೂರು ವಾರ ಕಳೆಯಿತು. ಮಾಗಿಯ ಚಳಿಯ ಒಂದು ಬೆಳಿಗ್ಗೆ ಮರುಳಸಿದ್ದಮ್ಮ ಹಂಚಿನ ಕಡೆ ತಿರುಗುವಾಗ ಹರಡು ಕೈಕೊಟ್ಟಿತು. ಕಟ್ಟೆ ಹಿಡಿದದ್ದರಿಂದ ಬೀಳಲಿಲ್ಲ. ಮಧ್ಯಾಹ್ನಕ್ಕೆ ಕಾಲು ಊದಿ ಮಿರಮಿರ ಮಿಂಚುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಎರಡು ದಿನ ಆ ಒಲೆಯ ಮೇಲೆ ರೊಟ್ಟಿ ಬೇಯಲಿಲ್ಲ. ಗವಿಸಿದ್ದೇಶ ಹೊರಗಿನಿಂದ ರೊಟ್ಟಿ ತರಿಸಿದ. ಊಟಕ್ಕೆ ಬಂದವರು ಏನೂ ಅನ್ನದೆ ತಿಂದು ಹೋದರು, ಅದೇ ಮರುಳಸಿದ್ದಮ್ಮನವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತಂತೆ. ಊತ ಇಳಿದ ಮೇಲೆ ಅವರೇ ಗಾಳೆಮ್ಮನಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಒಲೆ ಹಚ್ಚಿರುತ್ತೇನೆ, ಬಾ ಎಂದಷ್ಟೇ ಹೇಳಿ ಇಟ್ಟರು. ಅಷ್ಟು ಬೇಗ ಬಸ್ಸಿಲ್ಲ. ಹುಲುಗೇಶ್ ಬೈಕಿನಲ್ಲಿ ಬಿಟ್ಟುಬಂದರು.

ಹಿತ್ತಲ ಬಾಗಿಲು ತೆರೆದಿತ್ತು. ಮರುಳಸಿದ್ದಮ್ಮ ಒಲೆಯ ಮುಂದಿದ್ದರು, ತಿರುಗಿ ನೋಡಲಿಲ್ಲ. ಗಾಳೆಮ್ಮ ಹೊಸ್ತಿಲ ಹೊರಗೆ ನಿಂತರು, ಎಷ್ಟು ಹೊತ್ತು ಎಂದು ಅವರಿಗೆ ನೆನಪಿಲ್ಲ. ಕೊನೆಗೆ ಒಳಗಿನಿಂದ ಮಾತು ಬಂತು, ಮರಳು ಒಳಗೆ ತಗೊಂಡು ಬಾ ಎಂದು. ಬಾ ಎಂದದ್ದು ತನಗೋ ಮರಳಿಗೋ ಎಂದು ಗಾಳೆಮ್ಮ ಈಗಲೂ ನಗುತ್ತಾರೆ. ಒಳಗೆ ಹೋದರು. ತಟ್ಟೆಯನ್ನು ಒಲೆಯ ಮುಂದಿಟ್ಟು, ಮರಳು ಸಮ ಮಾಡಿ, ಮರುಳಸಿದ್ದಮ್ಮನನ್ನು ಅದರ ಮೇಲೆ ನಿಲ್ಲಿಸಿದರು. ರೊಟ್ಟಿ ಬಡಿಯಲು ಹೇಳಿ ತಾವು ಕಡಪ ಕಲ್ಲಿನ ಮೇಲೆ ಕುಳಿತು, ಆ ಬಲಗಾಲಿನ ಹರಡನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬಡಿದಾಗಲೆಲ್ಲ ಎಲುಬು ಒಳಗೆ ಜಾರುವುದು ಅಂಗೈಗೆ ತಿಳಿಯುತ್ತಿತ್ತು. ಈ ಅಮ್ಮ ಇಷ್ಟು ನೋವಿನ ಮೇಲೆ ನಿಂತು ಊರಿಗೆ ಉಣಿಸಿದ್ದಾಳಲ್ಲ ಎಂದು ಅವರಿಗೆ ಅಳು ಬಂದಿತು.

ನಾಲ್ಕನೆಯ ರೊಟ್ಟಿಗೆ ಮರುಳಸಿದ್ದಮ್ಮ ಕೈ ನಿಲ್ಲಿಸಿದರು. ಮೂಲೆಯಲ್ಲಿದ್ದ ತಮ್ಮ ಮಣೆಯನ್ನು ಬಗ್ಗಿ ಎಳೆದು ಗಾಳೆಮ್ಮನ ಪಕ್ಕಕ್ಕೆ ಸರಿಸಿದರು.

'ಕಲ್ಲು ಕೊರಿತೈತಿ. ಮಣಿ ಮ್ಯಾಲ ಕೂಡವ್ವ.'

ಇದನ್ನು ನನಗೆ ಹೇಳುವಾಗ ಗಾಳೆಮ್ಮ ದಾರಕ್ಕೆ ಮೇಣ ಹಚ್ಚುತ್ತಿದ್ದರು. ಕೈ ನಿಂತಿತು. ನಾನು ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಆ ನೆಲ ಎಷ್ಟು ಕೊರೆಯುತ್ತದೆ ಎಂದು ಆ ಹೆಂಗಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ.

ಎರಡನೆಯ ಕಾಲುಕೌದಿಗೆ ಮೂರು ಸಲ ತಿದ್ದುಪಡಿಯಾಯಿತು, ಮೂರೂ ಸಲ ಒಲೆಯ ಮುಂದೆಯೇ. ಪ್ರಿಯಾ ಎತ್ತ‌ರದ ಸ್ಟೂಲು ಹಾಕಿಸಿದರು, ಟವೆಲ್ಲಿನಿಂದ ಪಾದ ಎಳೆಯುವ ವ್ಯಾಯಾಮ ಕಲಿಸಿದರು. ನೂರರವತ್ತು ರೊಟ್ಟಿ ತೊಂಬತ್ತಕ್ಕಿಳಿಯಿತು, ಉಳಿದವನ್ನು ಬಡಿಯಲು ಇನ್ನೊಬ್ಬರು ಬರುತ್ತಾರೆ. ಬಂದವರ ರೊಟ್ಟಿ ದಪ್ಪ ಎಂದು ಮರುಳಸಿದ್ದಮ್ಮ ದಿನವೂ ಗೊಣಗುತ್ತಾರೆ. ಸವೆದ ಕೀಲು ಮರಳಿ ಬರುವುದಿಲ್ಲ, ಔಷಧಿ ಬಿಡುವ ಹಾಗಿಲ್ಲ. ಆದರೆ ಹತ್ತು ತಿಂಗಳಿಂದ ಹರಡು ಹೊಸದಾಗಿ ವಾಲಿಲ್ಲ. ಕಳೆದ ಸಲ ತಜ್ಞರು ಎಕ್ಸ್-ರೇ ಎತ್ತಿ ಹಿಡಿದು, ಸದ್ಯಕ್ಕೆ ಶಸ್ತ್ರಚಿಕಿತ್ಸೆಯ ಮಾತು ಬೇಡ ಎಂದರು. ನಾನು ಖಾನಾವಳಿಗೆ ಹೋದಾಗ ಮರುಳಸಿದ್ದಮ್ಮ ನಸುಗೆಂಪು ಸೀರೆಯ ತುಂಡುಗಳ ಕಾಲುಕೌದಿಯಲ್ಲಿ ಒಲೆಯ ಮುಂದಿದ್ದರು. ದೇವರ ಕೋಣೆಗೂ ಹಾಕಿಕೊಂಡೇ ಹೋಗುತ್ತೀರಾ ಎಂದು ಕೇಳಿದೆ. ಕೌದಿಯಲ್ಲವೇ, ದೇವರಿಗೇನು ಗೊತ್ತಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿದರು.

ಅದಾದ ಮೇಲೆ ಐದೂ ಊರುಗಳಿಂದ ಕಾಲುಕೌದಿ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಹಡಗಲಿಯಲ್ಲಿ ಮೈಲಾರದ ಕಡೆಯ ಹೂ ಕಟ್ಟುವವರು, ಹರಪನಹಳ್ಳಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು, ಹೀಗೆ ಇಲ್ಲಿಯವರೆಗೆ ನಲವತ್ತಮೂರು ಜೋಡು. ಗಾಳೆಮ್ಮನ ಷರತ್ತು ಬದಲಾಗಿಲ್ಲ. ಮನುಷ್ಯ ದಿನದ ಹೆಚ್ಚು ಹೊತ್ತು ಎಲ್ಲಿ ನಿಲ್ಲುತ್ತಾನೋ ಅಲ್ಲಿಗೆ ಹೋಗಿಯೇ ಅಳತೆ. ಎರಡು ಮನೆಗಳಲ್ಲಿ ಹೊಸ್ತಿಲ ಆಚೆಯೇ ಅಳತೆ ತೆಗೆದುಕೋ ಎಂದರು. ಗಾಳೆಮ್ಮ ಮರಳಿನ ಡಬ್ಬಿ ಮುಚ್ಚಿಕೊಂಡು ಹಿಂದಿರುಗಿದರು. ಅವಮಾನವಾಯಿತೇ ಎಂದು ಕೇಳಿದೆ. ಆಯಿತು ಎಂದರು, ನೇರವಾಗಿ. ಆದರೆ ಅವರು ಹೆಚ್ಚು ಹೊತ್ತು ಮಾತಾಡಿದ್ದು ಆ ಎರಡು ಮನೆಗಳ ಹೆಂಗಸರ ಕಾಲುಗಳ ಬಗ್ಗೆ. ಒಬ್ಬಾಕೆಯ ಹೆಬ್ಬೆರಳು ಈಗ ಎಷ್ಟು ವಾಲಿರಬಹುದು ಎಂದು ಅವರಿಗೆ ಚಿಂತೆ.

ಸಂಜೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಕುಳಿತಿದ್ದೇವೆ. ಇವತ್ತು ಇಪ್ಪತ್ತಮೂರು ಜನ ಬಂದು ಹೋದರು, ಆರು ಹೊಸ ಅಳತೆಗಳಾದವು. ಗಾಳೆಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ಹೋಗುವ ಬರುವವರ ಕಾಲುಗಳನ್ನು ನೋಡುತ್ತಿದ್ದಾರೆ. ಬರುವ ವರ್ಷ ಕೇಂದ್ರಕ್ಕೆ ಇಬ್ಬರು ಹೊಸ ಹುಡುಗಿಯರನ್ನು ತೆಗೆದುಕೊಳ್ಳುತ್ತಾರಂತೆ, ಕಲಿಸುವ ಕೆಲಸ ಇವರದು. ನಿಮಗೇನು ಆಸೆಯಿದೆ ಎಂದು ಕೇಳುತ್ತೇನೆ. ಹುದ್ದೆಯ ಹೆಸರು ಬದಲಾಗಬೇಕೆಂದೋ, ಒಂದು ಹೊಲಿಗೆ ಯಂತ್ರ ಬೇಕೆಂದೋ ಹೇಳುತ್ತಾರೆ ಎಂದುಕೊಂಡಿದ್ದೆ. ಬಸ್ಸು ಬಂದು ನಿಂತಾಗ ಅವರು ಚೀಲ ಹೆಗಲಿಗೇರಿಸಿ ಏಳುತ್ತ ಹೇಳುತ್ತಾರೆ:

'ಪ್ರಿಯಾ ಮೇಡಂಗೆ ಒಂದು ಮಾತು ಹೇಳಿಟ್ಟೀನ್ರಿ. ನನ್ನ ಹಿಂದ ಈ ಕೆಲಸಕ್ಕ ಯಾರ ಮಗಳು ಬಂದ್ರೂ, ಹೊರಗ ನಿಂತು ಅಳತಿ ತಗೋಬಾರ್ದು.'